ನಲವತ್ತೆರಡು ದಿನದ ತಿಂಗಳು

ಮಹಡಿ ಮನೆ
ಜನವರಿ ೨೩, ಮಧ್ಯಾಹ್ನ

ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ, ಮೀನು ಮಾರುಕಟ್ಟೆಯಲ್ಲಿ ವ್ಯಾಪಾರ ಹೇಗಿದೆ ಎಂದೆಲ್ಲ ಮೊದಲು ಕೇಳಬೇಕು, ಗೊತ್ತು. ಕೇಳಿದೆ ಎಂದೇ ಇಟ್ಟುಕೋ. ಇವರು ಕ್ರಿಸ್‌ಮಸ್ಸಿಗೆ ಕಳಿಸಿದ ಉಣ್ಣೆಯ ಕೋಟನ್ನು ಹಾಕಿಕೊಂಡೆಯಾ? ಇಷ್ಟು ಚೆಂದದ್ದನ್ನು ಮೀನಿನ ನಾತಕ್ಕೆ ಹೇಗೆ ಒಡ್ಡಲಿ, ಬೆಲೆಚೀಟಿಯನ್ನೂ ಕೀಳದೆ ಬೀರುವಿನಲ್ಲಿ ತೂಗುಹಾಕಿದ್ದೇನೆ ಎಂದು ಹೋದ ಕಾಗದದಲ್ಲಿ ನೀನು ಬರೆದಿದ್ದೆ. ಈಗಲೂ ಹಾಗೇ ಇದೆಯಾ? ಸುಮ್ಮನೆ ಕೇಳಿದೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಮುದ್ದಿನ ಗುಬ್ಬಿ, ನನ್ನ ಮಗಳು, ಅಪ್ಪ ಕೊಡಿಸಿದ ಸೈಕಲ್ಲಿನಿಂದ ಇಳಿಯುವುದೇ ಇಲ್ಲ. ಅದರ ಒಂದು ಕಡೆಯ ಬಣ್ಣವನ್ನು ಆಗಲೇ ಬೀದಿಯ ಗೋಡೆಗೆ ಒರೆಸಿ ಬಂದಿದ್ದಾಳೆ. ಗಂಟೆ ಎಲ್ಲಿ ಬಿತ್ತೋ ಅವಳಿಗೂ ಗೊತ್ತಿಲ್ಲ. ಇವರು ಶಾಲೆಯ ರಿಪೇರಿ ಕೆಲಸಕ್ಕೆ ಸೇರಿ ಐದು ತಿಂಗಳಾಯಿತು. ಬಣ್ಣ ಬಳಿಯುವವನಿಗೆ ತಿಂಗಳ ಸಂಬಳ ಅಂದರೆ ಸಾಮಾನ್ಯವೇನೇ ಎಂದು ಈಗಲೂ ದಿನಕ್ಕೊಮ್ಮೆ ಹೇಳುತ್ತಾರೆ. ಈಗ ತರಗತಿಗಳಿಗೆಲ್ಲ ಬಣ್ಣ ಹೊಡೆಸುತ್ತಿದ್ದಾರಂತೆ. ಸಂಜೆ ಏಳಾದರೂ ಬರುವುದಿಲ್ಲ, ಬಂದಾಗ ಕಿವಿಯ ಹಿಂದೆ ತಿಳಿಹಸಿರು ಅಂಟಿಕೊಂಡಿರುತ್ತದೆ. ದಿನಾ ನಾನೇ ಒರೆಸುತ್ತೇನೆ.

ನನ್ನ ಹೊಲಿಗೆ ಮಾತ್ರ ಮಂಕು. ಡಿಸೆಂಬರಿನಲ್ಲಿ ಪ್ಯಾಂಟಿನ ಅಂಚು ಮಡಿಸಿ ಕೊಡಿ, ಲಂಗದ ಸೊಂಟ ಸರಿಮಾಡಿ ಎಂದು ಬಾಗಿಲು ಬಡಿಯುತ್ತಿದ್ದವರೆಲ್ಲ ಈಗ ಎದುರು ಸಿಕ್ಕರೆ ಆಕಾಶ ನೋಡುತ್ತಾರೆ. ಎಲ್ಲರ ಮನೆಯಲ್ಲೂ ಜನವರಿಯೇ ತಾನೆ? ರಜೆಯಲ್ಲಿ ತಿಂದು ತಿಂದು ಸೊಂಟ ದಪ್ಪವಾಗಿದೆ, ಸಡಿಲ ಮಾಡಿಸಲು ದುಡ್ಡಿಲ್ಲ. ಪಾಪ, ಉಸಿರು ಬಿಗಿಹಿಡಿದೇ ಓಡಾಡುತ್ತಿದ್ದಾರೆ.

ನಡುವೆ ಎದ್ದು ಹೋಗಿದ್ದೆ. ಮೇಜಿನ ಖಾನೆಯನ್ನು ಇನ್ನೊಂದು ಸಲ ನೆಲದ ಮೇಲೆ ಸುರಿದು ನೋಡಿದೆ. ಇಲ್ಲ. ಗುಂಡಿಗಳ ಡಬ್ಬಿಯಲ್ಲಿ ಇಲ್ಲ, ಗುಬ್ಬಿಯ ಪುಸ್ತಕಗಳ ಸಂದಿಯಲ್ಲಿ ಇಲ್ಲ, ಹಾಸಿಗೆಯ ಕೆಳಗೂ ಇಲ್ಲ. ಬೆಳಗಿನಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದೇನೆ. ಹುಡುಕುತ್ತಿರುವುದು ಆ ಕೋಟಿನ ರಸೀದಿಯನ್ನು. ನೋಡು, ಬಾಯಿ ಬಿಟ್ಟೇಬಿಟ್ಟೆ. ಇನ್ನು ಪೂರ್ತಿ ಹೇಳದೆ ಈ ಕಾಗದ ಮುಗಿಯುವುದಿಲ್ಲ.

ಡಿಸೆಂಬರ್ ಇಪ್ಪತ್ತರಂದು ಇವರು ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಬಂದರು. ಫೋನಿಗೆ ಬ್ಯಾಂಕಿನಿಂದ ಸಂದೇಶ ಬಂದಿತ್ತು. ಒಂದು ತಿಂಗಳ ಸಂಬಳದಷ್ಟೇ ದುಡ್ಡು, ತಿಂಗಳು ಮುಗಿಯಲು ಇನ್ನೂ ಹನ್ನೊಂದು ದಿನ ಇರುವಾಗಲೇ. ಹಬ್ಬದ ಬೋನಸ್ಸು ಕಣೆ, ಹೊಸಬನಾದರೂ ನನಗೂ ಕೊಟ್ಟಿದ್ದಾರೆ ನೋಡು ಎಂದರು. ಅವರ ಕಣ್ಣಲ್ಲಿ ನೀರಿತ್ತು ಅಕ್ಕಾ. ಇಪ್ಪತ್ತು ವರ್ಷ ಶನಿವಾರ ಸಂಜೆ ಮೇಸ್ತ್ರಿಯ ಮುಂದೆ ನಿಂತು ಕೈಗೆ ಬಂದಷ್ಟು ಕೂಲಿ ಎಣಿಸಿಕೊಂಡವರು. ಕೊಡಬೇಕಾದ್ದರಲ್ಲಿ ಹಿಡಿದುಕೊಂಡವರನ್ನು ನೋಡಿದ್ದಾರೆಯೇ ಹೊರತು, ಕೇಳದೆ ಜಾಸ್ತಿ ಕೊಟ್ಟವರನ್ನು ನೋಡಿದ್ದೇ ಇಲ್ಲ. ನನಗಾದರೂ ತಿಂಗಳ ಸಂಬಳದ ಸಂಗತಿ ಏನು ಗೊತ್ತು? ನಾನೂ ಅವರ ಜೊತೆ ಕುಣಿದೆ.

ಮರುದಿನವೇ ಪೇಟೆಗೆ ಹೋದರು. ಗುಬ್ಬಿಗೆ ಸೈಕಲ್ಲು, ನನಗೆ ಹಬೆಯ ಇಸ್ತ್ರಿ ಪೆಟ್ಟಿಗೆ. ಅದಕ್ಕೂ ಮೊದಲು, ಎಲ್ಲಕ್ಕಿಂತ ಮೊದಲು, ನಿನಗೆ ಕೋಟು. ಆ ವರ್ಷ ಇವರು ಏಣಿಯಿಂದ ಬಿದ್ದು ಮಲಗಿದ್ದಾಗ ನೀನು ನಾಲ್ಕು ತಿಂಗಳು ನಮ್ಮ ಮೂವರ ಹೊಟ್ಟೆ ನೋಡಿಕೊಂಡೆಯಲ್ಲ, ಒಂದು ಮಾತೂ ಆಡದೆ? ಅದು ಅವರೊಳಗೆ ಹಾಗೇ ಕೂತಿದೆ. ನಿಮ್ಮಕ್ಕ ಬೆಳಗಿನ ಚಳಿಯಲ್ಲಿ ಐಸಿನ ಮುಂದೆ ನಿಂತಿರ್ತಾಳೆ, ನನ್ನ ಕೈಗೆ ಜಾಸ್ತಿ ದುಡ್ಡು ಅಂತ ಬಂದರೆ ಮೊದಲು ಅಲ್ಲಿಗೇ ಹೋಗಬೇಕು ಎಂದರು. ಬೆಲೆ ಕೇಳಿ ನಾನು ಎದೆ ಹಿಡಿದುಕೊಂಡೆ. ಹೆಚ್ಚೂಕಡಿಮೆ ನಮ್ಮ ಒಂದು ತಿಂಗಳ ಬಾಡಿಗೆ. ಅವರು ನಕ್ಕರು.

ಮೂವತ್ತೊಂದಕ್ಕೆ ನಾನು ಬ್ಯಾಂಕಿನ ಯಂತ್ರದ ಮುಂದೆ ನಿಂತೆ. ಖಾತೆಯಲ್ಲಿ ಬಸ್ಸಿಗಾಗುವಷ್ಟು ಚಿಲ್ಲರೆ. ಎರಡು ಸಲ ಕಾರ್ಡು ತೆಗೆದು ಹಾಕಿದೆ, ಹಿಂದೆ ನಿಂತವರು ಕೆಮ್ಮಿದರು. ರಸ್ತೆ ಬದಿಗೆ ಬಂದು ಶಾಲೆಯ ಗುಮಾಸ್ತರಿಗೆ ಫೋನು ಮಾಡಿದೆ. ಡಿಸೆಂಬರ್ ಸಂಬಳವನ್ನು ರಜೆಗೆ ಮೊದಲೇ ಹಾಕಿಬಿಡ್ತೀವಿ ಕಣಮ್ಮ, ಪ್ರತಿವರ್ಷವೂ ಹಾಗೇ, ಇನ್ನು ಬರೋದು ಜನವರಿ ಮೂವತ್ತೊಂದಕ್ಕೆ ಎಂದರು. ಬೆರಳು ಮಡಿಸಿದೆ. ಡಿಸೆಂಬರ್ ಇಪ್ಪತ್ತರಿಂದ ಜನವರಿ ಮೂವತ್ತೊಂದಕ್ಕೆ ನಲವತ್ತೆರಡು ದಿನ. ಅದರಲ್ಲಿ ಹನ್ನೊಂದೇ ಕಳೆದಿದ್ದವು, ದುಡ್ಡು ಪೂರ್ತಿ ಕಳೆದಿತ್ತು.

ಮನೆಗೆ ಬಂದಾಗ ಇವರು ಹೊಸ ಇಸ್ತ್ರಿ ಪೆಟ್ಟಿಗೆಯಿಂದ ತಮ್ಮ ಅಂಗಿಗೆ ತಾವೇ ಇಸ್ತ್ರಿ ಹಾಕುತ್ತಿದ್ದರು. ಸಂಬಳ ಬಂತಾ ಎಂದು ಕೇಳಿದರು. ಹೇಳಬೇಕೆಂದೇ ಬಾಯಿ ತೆರೆದೆ. ಅವರ ಮುಖ ನೋಡಿ, ಬಂತು ಎಂದುಬಿಟ್ಟೆ.

ಆ ಒಂದು ಮಾತಿನ ಹಿಂದೆ ಇಪ್ಪತ್ತಮೂರು ದಿನದಿಂದ ಓಡುತ್ತಿದ್ದೇನೆ. ಇಸ್ತ್ರಿ ಪೆಟ್ಟಿಗೆಯನ್ನು ಅಂಗಡಿಗೆ ವಾಪಸ್ಸು ಮಾಡಿದೆ. ಅದರ ರಸೀದಿ ಡಬ್ಬಿಯಲ್ಲೇ ಇತ್ತು. ರಿಪೇರಿಗೆ ಕೊಟ್ಟಿದ್ದೇನೆ ಎಂದು ಇವರಿಗೆ ಹೇಳಿದೆ. ಹತ್ತು ದಿನದ ಹೊಸ ಪೆಟ್ಟಿಗೆ ರಿಪೇರಿಗಾ ಎಂದು ಅಂಗಡಿಯವನ ಮೇಲೆ ಹಾರಾಡಿದರು, ನಾಳೆಯೇ ಹೋಗಿ ನ್ಯಾಯ ಕೇಳುತ್ತೇನೆ ಎಂದರು. ನನ್ನ ಜೀವ ಹಾರಿಹೋಯಿತು. ಪುಣ್ಯಕ್ಕೆ ಮರುದಿನ ಮರೆತರು, ಆಮೇಲೆ ಆ ಮಾತೇ ಎತ್ತಲಿಲ್ಲ. ಹೀಟರನ್ನು ಹಗಲೆಲ್ಲ ಆರಿಸಿ, ಇವರು ಬರುವ ಹೊತ್ತಿಗೆ ಹಚ್ಚುತ್ತೇನೆ. ಆಲೂಗಡ್ಡೆಯನ್ನು ಬೇಯಿಸಿ, ಹುರಿದು, ಜಜ್ಜಿ, ಕೋಸಿನ ಜೊತೆ ಸೇರಿಸಿ, ಕೋಸಿನಿಂದ ಬಿಡಿಸಿ ಬಡಿಸುತ್ತಿದ್ದೇನೆ. ಗುಬ್ಬಿ ಮುಖ ಸಿಂಡರಿಸುತ್ತಾಳೆ. ಇವರು ಹಸಿವಿಲ್ಲ ಎಂದು ಅರ್ಧವನ್ನು ಅವಳ ತಟ್ಟೆಗೆ ಸರಿಸುತ್ತಾರೆ.

ಇದನ್ನೆಲ್ಲ ಹೇಗೋ ತೂಗಿಸಬಹುದು. ಬಾಡಿಗೆಯದೇ ಸಂಕಟ. ಕೆಳಗಿನ ಮನೆಯೊಡತಿ, ಅದೇ ನಮ್ಮ ಬೀಗದಕೈ ಅಮ್ಮ, ಐದನೇ ತಾರೀಖು ಮೆಟ್ಟಿಲಲ್ಲೇ ಹಿಡಿದು ನಿಲ್ಲಿಸಿದಳು. ಹದಿನೈದರೊಳಗೆ ಕೈಗೆ ಬರದಿದ್ದರೆ ತಂಗಿಯ ಮಗ ಮೇಲಿನ ಮನೆ ಕೇಳ್ತಿದ್ದಾನೆ ಎಂದಳು. ಸೊಂಟದ ಬೀಗದಕೈ ಗೊಂಚಲನ್ನು ಒಮ್ಮೆ ಝಣ್ ಎನಿಸಿ ಒಳಗೆ ಹೋದಳು. ಅಂದಿನಿಂದ ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತೇನೆ. ಹದಿನೈದು ಬಂತು, ಹೋಯಿತು. ಆಕೆ ಕೇಳಲಿಲ್ಲ. ಮೊನ್ನೆ ನೇರವಾಗಿ ಎದುರು ಸಿಕ್ಕಿ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ನನ್ನನ್ನು ನೋಡಿ ನಕ್ಕಳು! ಬೈದಿದ್ದರೆ ನಿದ್ದೆ ಬರುತ್ತಿತ್ತು. ಅವಳ ನಗು ಕಂಡ ಮೇಲೆ ಅನ್ನ ಇಳಿಯುತ್ತಿಲ್ಲ. ಮನೆಯನ್ನು ಆ ಹುಡುಗನಿಗೆ ಒಪ್ಪಿಸಿಯೇ ನಗುತ್ತಿದ್ದಾಳೆ ಎಂದು ನನ್ನ ಮನಸ್ಸು ಹೇಳುತ್ತಿದೆ.

ಈಗ ಕೇಳುತ್ತೇನೆ, ಬೈಯಬೇಡ. ಬೈದರೂ ಪರವಾಗಿಲ್ಲ. ಕೋಟನ್ನು ನಾಳೆಯೇ ಪಾರ್ಸೆಲ್ ಮಾಡಿ ಕಳಿಸುತ್ತೀಯಾ? ಬೆಲೆಚೀಟಿ ಇದ್ದು ರಸೀದಿಯೂ ಇದ್ದರೆ ತಿಂಗಳ ಕೊನೆಯವರೆಗೆ ಅಂಗಡಿಯವರು ದುಡ್ಡು ವಾಪಸ್ಸು ಕೊಡುತ್ತಾರೆ. ಕೊಟ್ಟ ಉಡುಗೊರೆಯನ್ನು ಹಿಂದಕ್ಕೆ ಕೇಳುವ ತಂಗಿ ಯಾರಿಗೂ ಬೇಡ. ನನಗೆ ನಾಚಿಕೆಯಾಗುತ್ತಿದೆ, ಬರೆಯುವಾಗ ಕಿವಿ ಬಿಸಿಯಾಗಿದೆ. ಸಾಲ ಕೇಳಬಹುದಿತ್ತು. ಆದರೆ ನೀನು ನಿನ್ನ ಔಷಧಿಯ ದುಡ್ಡು ತೆಗೆದು ಕಳಿಸುತ್ತೀಯ, ಅದು ನನಗೆ ಗೊತ್ತು. ಇವರಿಗೆ ಮಾತ್ರ ತಿಳಿಯಬಾರದು. ಬೇಸಗೆಯಲ್ಲಿ ನಾವು ಅಲ್ಲಿಗೆ ಬಂದಾಗ ಇವರು ಕೋಟೆಲ್ಲಿ ಎಂದರೆ ಒಗೆಯಲು ಹಾಕಿದ್ದೇನೆ ಎನ್ನು. ಆ ಒಂದು ಸಂಜೆ ಅವರು ಎಷ್ಟು ಎತ್ತರಕ್ಕೆ ನಿಂತಿದ್ದರು ಅಕ್ಕಾ, ಅದನ್ನು ಕೆಡವಲು ನನ್ನ ಕೈಯಲ್ಲಾಗುವುದಿಲ್ಲ.

ರಸೀದಿ ಸಿಕ್ಕೇ ಸಿಗುತ್ತದೆ. ಅವರ ಹಳೇ ಪ್ಯಾಂಟುಗಳ ಜೇಬು ನೋಡುವುದೊಂದು ಬಾಕಿ ಇದೆ. ಈಗ ಏಳುತ್ತೇನೆ.

ಇಂತಿ,
ನಿನಗೆ ಯಾವಾಗಲೂ ಭಾರವಾಗುವ,
ತಂಗಿ

ತಾ.ಕ.: ಅದೇ ದಿನ, ಸಂಜೆ ಏಳೂವರೆ. ಮೇಲಿನದನ್ನೆಲ್ಲ ಹರಿದು ಹೊಸದಾಗಿ ಬರೆಯೋಣ ಎಂದರೆ ಕಾಗದ ಇದೊಂದೇ ಉಳಿದಿದೆ, ಹೊಸದು ಬರುವ ತಿಂಗಳೇ. ಅದಕ್ಕೇ ಹೀಗೇ ಕಳಿಸುತ್ತಿದ್ದೇನೆ.

ಪ್ಯಾಂಟುಗಳನ್ನು ಹರಡಿಕೊಂಡು ಕೂತಿದ್ದಾಗಲೇ ಇವರು ಇವತ್ತು ಬೇಗ ಬಂದುಬಿಟ್ಟರು. ತಲೆಯ ಮೇಲಿನ ಬಣ್ಣದ ಟೋಪಿ ತೆಗೆದು, ಅದರ ಮಡಿಕೆಯಿಂದ ನಾಲ್ಕು ಮಡಿಕೆಯ ಚೀಟಿಯೊಂದನ್ನು ನನ್ನ ಮುಂದಿಟ್ಟರು. ಇದನ್ನೇ ಹುಡುಕ್ತಿದೀಯಾ ಎಂದರು. ಕೋಟಿನ ರಸೀದಿ.

ಜನವರಿ ಎರಡರಂದೇ ಅವರಿಗೆ ಗೊತ್ತಾಗಿದೆ ಅಕ್ಕಾ. ಬೋನಸ್ಸು ಕೊಟ್ಟದ್ದಕ್ಕೆ ವಂದನೆ ಹೇಳಲು ಬಿಸ್ಕತ್ತಿನ ಪೊಟ್ಟಣ ಹಿಡಿದು ಗುಮಾಸ್ತರ ಬಳಿಗೆ ಹೋಗಿದ್ದರಂತೆ. ಗುಮಾಸ್ತರು ನಕ್ಕು, ಮೊನ್ನೆ ನಿಮ್ಮ ಮನೆಯವರಿಗೂ ಇದನ್ನೇ ಹೇಳಿದೆನಲ್ಲ ಎಂದರಂತೆ. ನೀನು ಅಷ್ಟು ಗಟ್ಟಿಯಾಗಿ ಬಂತು ಅಂದೆ, ನಿನ್ನ ಮುಂದೆ ಅದನ್ನು ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ ಎಂದರು. ನಿನಗೆ ಬರೆದು ಕೋಟು ಕೇಳೋಣವೆಂದು ಎರಡು ಸಲ ಕೂತರಂತೆ. ಆಗಲಿಲ್ಲವಂತೆ. ಅಷ್ಟು ಹೇಳಿ ನನ್ನನ್ನು ಕೆಳಗೆ ಕರೆದುಕೊಂಡು ಹೋದರು. ಬೀಗದಕೈ ಅಮ್ಮ ಬಾಗಿಲು ತೆರೆದಳು. ಅವಳ ನಡುಮನೆ, ಮಲಗುವ ಕೋಣೆ, ಅಡುಗೆಮನೆ ಎಲ್ಲವೂ ತಿಳಿಹಸಿರು. ಶಾಲೆಯಲ್ಲಿ ಒಂದು ಗೋಡೆಗೂ ಬಣ್ಣ ಹೊಡೆಯುತ್ತಿಲ್ಲ. ದಿನಾ ಸಂಜೆ ಇವರು ಬಳಿದದ್ದು ಇಲ್ಲಿ, ಅದರ ಕೂಲಿಗೆ ಈ ತಿಂಗಳ ಬಾಡಿಗೆ ತೀರಿದೆ. ನಿನ್ನ ಗಂಡ ನನ್ನ ಬಾಯಿಗೆ ಬೀಗ ಹಾಕಿಸಿದ್ದ ಎಂದು ಆಕೆ ಮತ್ತೆ ನಕ್ಕಳು. ನಾನು ಅಲ್ಲೇ, ಹಸಿ ಬಣ್ಣದ ಗೋಡೆಗೆ ಒರಗಿ ಅತ್ತೆ. ರವಿಕೆ ಹಾಳಾಯಿತು.

ರಸೀದಿಯನ್ನು ಒಲೆಗೆ ಹಾಕಿದೆ. ನೀನು ಬೆಲೆಚೀಟಿ ಕತ್ತರಿಸು. ನಾಳೆ ಬೆಳಿಗ್ಗೆಯೇ ಕೋಟು ಹಾಕಿಕೊಂಡು ಮಾರುಕಟ್ಟೆಗೆ ಹೋಗು, ಮೀನು ನಾರಿದರೆ ನಾರಲಿ. ಬೆಚ್ಚಗಿದೆ ಎಂದು ಒಂದು ಸಾಲು ಬರೆ. ನನಗಲ್ಲ, ಅವರ ಹೆಸರಿಗೇ ಬರೆ.