ಉಡಿಗೆ ಬಿದ್ದದ್ದು

ಫೆಬ್ರವರಿ 16, ರವಿವಾರ. ಮಧ್ಯಾಹ್ನ

ಗಲಗಲಿಯಿಂದ ಈಗ ಬಂದೆ. ಕೂದಲಲ್ಲಿ ಇನ್ನೂ ಕೃಷ್ಣೆಯ ವಾಸನೆ. ಈಜು ಪರವಾಗಿಲ್ಲ, ಉಸಿರು ಕಟ್ಟಲಿಲ್ಲ. ಗಂಗಾರಾಮ ಮೀನಿನ ದೋಣಿಯನ್ನು ಪಕ್ಕದಲ್ಲೇ ನಡೆಸಿಕೊಂಡು ಬಂದ; ಉದ್ದಕ್ಕೂ ಅಳಿಯನ ಮೇಲಿನ ದೂರು. ಮುಖ ನೀರಿಗೆ ಹಾಕಿದಾಗಲೆಲ್ಲ ನೆಮ್ಮದಿ.

ವಾಪಸ್ ಸೈಕಲ್ ಮೇಲೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರೇಲರ್. ಓವರ್‌ಟೇಕ್ ಮಾಡಲು ಧೈರ್ಯ ಸಾಲದೆ ಅದರ ಹಾಡು ಕೇಳುತ್ತಲೇ ಬಂದೆ. ಬೈಕಿನವರು ನಿಲ್ಲಿಸಿ, ಸೈಕಲ್ ಕೆಟ್ಟಿದೆಯೇ, ಊರತನಕ ಬಿಡಬೇಕೇ ಎಂದು ಕೇಳಿದರು. ಒಬ್ಬನಂತೂ ಮನೆಯಲ್ಲಿ ಜಗಳವಾಯಿತೇ ಎಂದ.

ಬ್ಯೂಟಿ ಪಾರ್ಲರ್ ನಡೆಸುವವಳ ಮುಖ ಸುಟ್ಟ ಬದನೆಕಾಯಿ ಆಗಿದೆ. ಫೇಶಿಯಲ್‌ಗೆ ಬಂದ ಗಿರಾಕಿಗಳು ಮಲಗಿಕೊಂಡು ನನ್ನನ್ನೇ ಕನಿಕರದಿಂದ ನೋಡುತ್ತಾರೆ.

ಇವರು ಬನಹಟ್ಟಿಯ ಸೀರೆ ಅಂಗಡಿಯಿಂದ ಊಟಕ್ಕೆ ಬಂದರು. ಒಂದೇ ಪ್ರಶ್ನೆ — "ಯಾಕ, ಮಧು?" ಸಿಟ್ಟಿಲ್ಲ. ನಿಜಕ್ಕೂ ತಿಳಿಯಬೇಕಾಗಿದೆ, ಪಾಪ. ಏಪ್ರಿಲ್‌ನಲ್ಲಿ ಕಾರವಾರಕ್ಕೆ ಹೋಗಿ, ಒಂದೇ ದಿನ ಸಮುದ್ರ ಈಜಿ, ದಿನವೆಲ್ಲ ಸೈಕಲ್ ತುಳಿದು, ಮೇಲೆ ಮ್ಯಾರಥಾನ್ ಓಡಿದರೆ ನಲವತ್ತೈದರ ಹೆಂಗಸಿಗೆ ಏನು ಸಿಗುತ್ತದೆ? ರೊಟ್ಟಿ ಮುರಿಯುತ್ತ ಕುಳಿತೆ. ಶುಗರ್ ಬರಬಾರದೆಂದು ವಾಕಿಂಗ್ ಶುರುಮಾಡಿದ್ದು, ಹೀಗೆ ಬೆಳೆಯಿತು. ಇದು ಉತ್ತರವಲ್ಲ ಎಂದು ನನಗೂ ಗೊತ್ತು.

ಫೆಬ್ರವರಿ 27

ಲಾಂಗ್ ರನ್ ಅರ್ಧಕ್ಕೆ ಬಿಟ್ಟೆ. ಮೈಲಿಗಲ್ಲಿನ ಮೇಲೆ ಕೂತವಳು ಏಳಲಿಲ್ಲ. ಟಂಟಂ ಆಟೋ ಹಿಡಿದು ಮನೆಗೆ.

ಕೋಚ್ ಅಜಯನ ಫೋನ್. ಪುಣೆಯಲ್ಲಿರುವ ಹುಬ್ಬಳ್ಳಿಯ ಹುಡುಗ, ಫೋನಿನಲ್ಲೇ ತರಬೇತಿ ಕೊಡುತ್ತಾನೆ. ಬೈಯಲಿಲ್ಲ. ಕಾಲು ಚೆನ್ನಾಗಿವೆ, ಆದರೆ ಯಾತಕ್ಕೆ ಓಡುತ್ತೇವೆಂದು ಗೊತ್ತಿಲ್ಲದವರು ಕೊನೆಯ ಭಾಗದಲ್ಲಿ ಹೀಗೇ ಕೂತುಬಿಡುತ್ತಾರೆ ಎಂದ. ಮಾರ್ಚ್ ಕೊನೆಗೆ ಹೆಸರು ಖಾಯಂ ಮಾಡಬೇಕು. ಅಷ್ಟರಲ್ಲಿ ಉತ್ತರ ಸಿಗದಿದ್ದರೆ ಈ ವರ್ಷ ಬಿಡಿ ಎಂದ.

ಬಿಡಲು ಮನಸ್ಸಿಲ್ಲ. ಬಿಟ್ಟರೆ ಮತ್ತೆ ಅದೇ ಸೋಫಾ, ಅದೇ ಧಾರಾವಾಹಿ... ಹೆದರಿಕೆಯಾಗುತ್ತದೆ. ಯಾರಿಗೂ ಹೇಳಿಲ್ಲ.

ಮಾರ್ಚ್ 9, ರವಿವಾರ. ಸಂಜೆ

ಇವತ್ತು ಆದದ್ದನ್ನು ಯಾರೂ ನಂಬಲಾರರು.

ಬೀಳಗಿ ರಸ್ತೆಯಲ್ಲಿ ಓಟ. ಶ್ರೀಶೈಲದ ಪಾದಯಾತ್ರೆಯ ಜನ ಹೊರಟಿದ್ದಾರೆ. ಹೆಗಲಿಗೆ ಕೇಸರಿ ವಸ್ತ್ರ, ದಾರಿಯುದ್ದ ಮಜ್ಜಿಗೆಯ ಪೆಂಡಾಲು. ನಮ್ಮ ಕಡೆ ಭ್ರಮರಾಂಬೆ ಎಂದರೆ ಮನೆಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಮಗಳಿಗೆ ತವರಿನ ಕುಪ್ಪಸದ ಖಣ ಮುಟ್ಟಬೇಕು.

ಅರ್ಧ ಓಟ ಮುಗಿಸಿ ನಮ್ಮ ಜಮಖಂಡಿ ಕಡೆ ತಿರುಗಿ ಓಡಿ ಬರುತ್ತಿದ್ದೆ. ಮುದುಕಿಯೊಬ್ಬಳು ಅಡ್ಡ ನಿಂತಳು. ಲಗಮವ್ವ — ಕುರಿ ಸಾಕುವ ಮನೆತನ, ರಸ್ತೆಗೆ ಅಂಟಿಕೊಂಡೇ ಮನೆ. ದಿನಾ ನೋಡುತ್ತೇನೆ, ಮಾತಾಡಿರಲಿಲ್ಲ. ಪ್ರತಿ ವರ್ಷ ನಡೆದು ಹೋಗುತ್ತಿದ್ದಳಂತೆ, ಈ ವರ್ಷ ಮೊಣಕಾಲು ಹಿಡಿದಿದೆ. ಹಸಿರು ಖಣ, ಅರಿಶಿನಬೇರು, ಅಡಿಕೆ, ಒಂದು ಹಿಡಿ ಅಕ್ಕಿ ತಂದಿದ್ದಳು.

"ಉಡಿ ಹಿಡಿ. ಇದನ್ನ ಶ್ರೀಶೈಲದ ಅವ್ವಗ ಮುಟ್ಟಸು."

ನನ್ನ ಕೇಸರಿ ಟೀ ಶರ್ಟು ನೋಡಿ ಯಾತ್ರೆಯವಳು ಎಂದುಕೊಂಡಿದ್ದಾಳೆ! ಬಾಯಲ್ಲಿ ಖರ್ಜೂರ, ಮಾತು ಹೊರಡಲಿಲ್ಲ. ಹೊರಟಿದ್ದರೂ ಏನು — ಉಡಿ ಬೇಡ ಎಂದ ಮುತ್ತೈದೆ ಎಲ್ಲಾದರೂ ಇದ್ದಾಳೆಯೇ? ಸೆರಗಂತೂ ಇಲ್ಲ. ಟೀ ಶರ್ಟಿನ ಅಂಚನ್ನೇ ಎತ್ತಿ ಹಿಡಿದೆ. ತುಂಬಿದಳು, ನನ್ನ ಬೂಟು ಮುಟ್ಟಿ ನಮಸ್ಕರಿಸಿದಳು, ಒಳಗೆ ಹೋದಳು.

ಉಳಿದ ದಾರಿಯೆಲ್ಲ ಅಂಚು ಹಿಡಿದುಕೊಂಡೇ ಓಡಿದೆ. ಒಂದು ಕಾಳೂ ಬೀಳಲಿಲ್ಲ. ಎಲ್ಲಿಯೂ ಕೂರಬೇಕು ಎನಿಸಲಿಲ್ಲ — ಅದು ಮನೆಗೆ ಬಂದ ಮೇಲೆ ಹೊಳೆಯಿತು.

ಮಾರ್ಚ್ 10

ಇವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅತ್ತೆ ಮುತ್ತವ್ವ ನಗಲಿಲ್ಲ. ಉಡಿಯನ್ನು ವಾಪಸ್ ಕೊಡುವ ಮಾತೇ ಇಲ್ಲ, ದೇವರ ಕೋಣೆಯಲ್ಲಿಡು ಎಂದರು.

ಓಣಿಯ ಗಿರಿಮಲ್ಲಪ್ಪ ಕಾಕಾ ನಾಳೆ ಪಾದಯಾತ್ರೆಗೆ ಹೊರಡುತ್ತಾರೆ. ಅವರ ಕೈಗೆ ಕೊಟ್ಟರಾಯಿತು ಎಂದು ಖುಷಿಯಿಂದ ಹೋದೆ. ಕಾಕಾ ಕೈ ಹಿಂದಕ್ಕೆ ಕಟ್ಟಿಕೊಂಡರು.

"ನಿನ್ನ ಉಡಿಗೆ ಬಿದ್ದದ್ದು ನೀನ ಮುಟ್ಟಸಬೇಕವ್ವಾ."

ನಡೆಯುತ್ತ ಹೋದರೆ ಮದುವೆ ಸೀಸನ್ನಿನಲ್ಲಿ ಪಾರ್ಲರ್ ಮುಳುಗಿತು, ಅಜಯನ ಪ್ಲ್ಯಾನೂ ಮುಳುಗಿತು. ಸೈಕಲ್ ಮೇಲೆ ಹೋಗಬಹುದೇ ಎಂದೆ. ಗಡ್ಡ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿದರು. ಕಾಲಿನಿಂದ ತುಳಿಯುವುದೇ ತಾನೇ, ಎಂಜಿನ್ ಇಲ್ಲವಲ್ಲ, ಅಡ್ಡಿಯಿಲ್ಲ ಎಂದರು. ಒಂದೇ ಕರಾರು — ಕೊನೆಯ ಭೀಮನಕೊಳ್ಳದ ಕಾಡು ಮಾತ್ರ ಎಲ್ಲರ ಹಾಗೆ ನಡೆದು ಹತ್ತಬೇಕು.

ಅಜಯನಿಗೆ ಹೇಳಿದೆ. ಪ್ಲ್ಯಾನ್ ಮಡಚಿಡಿ, ಹೋಗಿ ಬನ್ನಿ ಎಂದ.

ಮಾರ್ಚ್ 23. ಸಂಜೆ, ರಾಯಚೂರಿನ ಆಚೆ

ಸೈಕಲ್ ಒರಗಿಸಿ ಪೆಂಡಾಲಿನಲ್ಲಿ ಕೂತಿದ್ದೇನೆ. ಗುರುತಿಲ್ಲದ ಹೆಂಗಸೊಬ್ಬಳು ಬೇಡವೆಂದರೂ ಕೇಳದೆ ಕಾಲಿಗೆ ಎಣ್ಣೆ ತಿಕ್ಕಿದಳು. ಎಷ್ಟು ಹಿತ! ಪಾರ್ಲರಿನಲ್ಲಿ ನಾನು ಇನ್ನೊಬ್ಬರಿಗೆ ಮಾಡುವುದೇ ಆಯಿತು.

ಮುಧೋಳದ ಗುರಪ್ಪನ ಪರಿಚಯವಾಯಿತು. ಪಕ್ಕದ ಮನೆಯ ಅಜ್ಜನ ಊರುಗೋಲು ಹೊತ್ತಿದ್ದಾನೆ. ಅಜ್ಜ ಹಾಸಿಗೆ ಹಿಡಿದಿದ್ದಾನೆ, ಕೋಲಾದರೂ ಮಲ್ಲಯ್ಯನನ್ನು ಕಂಡು ಬರಲಿ ಎಂದು. ಇಲ್ಲಿ ಎಲ್ಲರ ಗಂಟಿನಲ್ಲೂ ಬೇರೆಯವರದು ಏನಾದರೊಂದು ಇದೆ. ನಿನ್ನ ಬೇಡಿಕೆ ಏನು ಎಂದರೆ ಗುರಪ್ಪ ತಲೆ ಕೆರೆದುಕೊಂಡ. ಅದನ್ನು ಮರೆತೇಬಿಟ್ಟಿದ್ದನಂತೆ.

ಯಾಕೆ ಹೊರಟೆ ಎಂದು ನನ್ನನ್ನೂ ಇಲ್ಲಿ ಯಾರೂ ಕೇಳುವುದಿಲ್ಲ. ಊಟ ಆಯಿತೇ ಎಂದು ಮಾತ್ರ ಕೇಳುತ್ತಾರೆ.

ಮಾರ್ಚ್ 27. ಶ್ರೀಶೈಲ

ಮುಟ್ಟಿಸಿದೆ.

ಭೀಮನಕೊಳ್ಳದಲ್ಲಿ ತೊಡೆ ನಡುಗಿ ಎರಡು ಕಡೆ ಕೂತೆ. ಎರಡು ಕಡೆಯೂ ಎದ್ದೆ. ಯಾರ ಹೆಸರಿನಲ್ಲಿ ಎಂದು ಪೂಜಾರಿ ಕೇಳಿದಾಗ, ಲಗಮವ್ವ, ಜಮಖಂಡಿ ಕಡೆಯವಳು ಎಂದೆ. ನನ್ನ ಹೆಸರು ಹೇಳಲು ಮರೆತೆ. ಹೊರಗೆ ಬಂದು ಕಂಬಕ್ಕೆ ಒರಗಿ ಅತ್ತುಬಿಟ್ಟೆ. ಸುಖ. ಇಂಥ ಸುಖ ಕಂಡು ಬಹಳ ವರ್ಷ ಆಗಿತ್ತು.

ಮಾರ್ಚ್ 31, ಸೋಮವಾರ

ಭೀಮನಕೊಳ್ಳದ ಬುಡದಲ್ಲಿ ಬಿಟ್ಟಿದ್ದ ಸೈಕಲನ್ನು ಬಸ್ಸಿನ ಮೇಲೇರಿಸಿಕೊಂಡು ನಿನ್ನೆ ಬಂದೆ. ಬೇವು-ಬೆಲ್ಲಕ್ಕೆ ಸರಿಯಾಗಿ.

ಇವತ್ತು ಕುಂಕುಮ, ಬಳೆ ಹಿಡಿದು ಲಗಮವ್ವನ ಮನೆಗೆ. ಮೊದಲು ಸತ್ಯ ಹೇಳಬೇಕಿತ್ತು. ಹೇಳಿದೆ — ನಾನು ಯಾತ್ರೆಯವಳಲ್ಲ, ಸುಮ್ಮನೆ ಓಡುವವಳು, ನೀನು ತಪ್ಪು ತಿಳಿದೆ. ಬಳೆ ಏರಿಸಿಕೊಳ್ಳುತ್ತಲೇ ನಕ್ಕಳು.

"ಮಲ್ಲಯ್ಯ ಮೂಡಲಕ್ಕ ಅದಾನ. ನೀ ಪಡುವಲಕ್ಕ ಓಡಾಕತ್ತಿದ್ದಿ. ಅಷ್ಟೂ ತಿಳೀದಿಲ್ಲೇನ ನನಗ? ದಿನಾ ನೋಡ್ತಿದ್ದೆ. ನಿನಗ ಕಾಲು ಇದ್ದೂವು, ಒಯ್ಯಾಕ ಏನೂ ಇರಲಿಲ್ಲ. ನನ್ನ ಕಡೆ ಒಯ್ಯೂದಿತ್ತು, ಕಾಲು ಇರಲಿಲ್ಲ."

ಚಹಾ ಕೊಟ್ಟಳು. ಕುಡಿದು ಲೋಟ ನಾನೇ ತೊಳೆದಿಟ್ಟೆ.

ಅಲ್ಲಿಂದಲೇ ಅಜಯನಿಗೆ ಫೋನ್ ಮಾಡಿ ಹೆಸರು ಖಾಯಂ ಮಾಡಲು ಹೇಳಿದೆ. ಕಾರಣ ವಿವರಿಸಲು ಹೋಗಿ ತೊದಲಿದೆ. ಸಾಕು, ದನಿಯಲ್ಲೇ ಗೊತ್ತಾಯಿತು ಎಂದ. ಇವರಿಗೆ ಮಾತ್ರ ಎಲ್ಲ ಹೇಳಿದೆ. ಕೇಳಿಸಿಕೊಂಡು, ಕಾರವಾರಕ್ಕೆ ತಾವೂ ಬರುವುದಾಗಿ ಹೇಳಿದರು. ಸಮುದ್ರ ನೋಡಿಲ್ಲವಂತೆ. ಅದೇ ಕಾರಣವಂತೆ.

ಏಪ್ರಿಲ್ 20, ರವಿವಾರ. ನಸುಕು, ಕಾರವಾರ

ದಂಡೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಸಮುದ್ರ ಕೃಷ್ಣೆಯ ಹಾಗಲ್ಲ, ಹೇಳದೆ ಕೇಳದೆ ಮೈಮೇಲೆ ಬರುತ್ತದೆ. ಇವರು ಅಲೆ ತಾಗದಷ್ಟು ದೂರ ನಿಂತು, ಚಪ್ಪಲಿ ಕೈಯಲ್ಲಿ ಹಿಡಿದು, ನನಗೆ ಧೈರ್ಯ ಹೇಳುತ್ತಿದ್ದಾರೆ.

ಪಕ್ಕದಲ್ಲಿ ಸರಿತಾ, ಧಾರವಾಡದವಳು. ಅವಳಿಗೂ ಮೊದಲ ಸಲ. ಮುಖ ಬಿಳಿಚಿಕೊಂಡಿದೆ.

"ಅಕ್ಕಾರ, ನಾವ್ಯಾಕ ಬಂದೇವ್ರಿ ಇಲ್ಲಿಗೆ?"

ನಗು ತಡೆಯಲಾಗಲಿಲ್ಲ. ಹೇಳಲು ಈಗ ಹೊತ್ತಿಲ್ಲ. ಅದಕ್ಕೊಂದು ಕತೆಯಿದೆ, ಓಟದ ಕೊನೆಯ ಭಾಗದಲ್ಲಿ ಹೇಳುತ್ತೇನೆ, ಅಲ್ಲಿತನಕ ನನ್ನ ಜೊತೆ ಬಾ ಎಂದೆ. ಖರೆಯೇ ಎಂದು ಎರಡು ಸಲ ಕೇಳಿದಳು. ಮಾತು ಕೊಟ್ಟಿದ್ದಾಯಿತು. ಇನ್ನು ಆ ಕತೆಯನ್ನು ಅಲ್ಲಿಯವರೆಗೆ ಒಯ್ಯಲೇಬೇಕು.

ಕರೆಯುತ್ತಿದ್ದಾರೆ. ಡೈರಿ ಇವರ ಕೈಗೆ. ಓದಬಾರದು ಎಂದು ಹೇಳಿಯೇ ಕೊಡ—