ಆಟ ಕೇಳುವ ಪದ

ಪುಟ್ಟಿ,

ಪ್ರಾರ್ಥನೆಗೆ ಹೊರಟಿದ್ದೇನೆ, ಹನ್ನೊಂದಕ್ಕೆ ಬರುತ್ತೇನೆ. ತಿಂಡಿ ಮುಚ್ಚಿಟ್ಟಿದೆ.

ನಿನ್ನೆ ನೀನು, "ಅಪ್ಪಾ, ಅಮ್ಮನ ಕಂಪ್ಯೂಟರ್‌ನಲ್ಲಿ ಆಟ ಶುರುವಾಗೋ ಮುಂಚೆ ಅದರ ಜೊತೆ ಬಂದ ಪುಸ್ತಕದಿಂದ ಯಾವುದೋ ಪದ ಕೇಳುತ್ತೆ, ಆ ಪುಸ್ತಕ ಎಲ್ಲಿ?" ಎಂದು ಕೇಳಿದೆಯಲ್ಲ. ಕಳೆದುಹೋಗಿದೆ ಎಂದೆ. ಅದು ಸುಳ್ಳು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ದೇವರೆದುರು ಕೈಮುಗಿಯಲಾರೆ. ಪುಸ್ತಕ ನನ್ನ ಸ್ತೋತ್ರದ ಪುಸ್ತಕಗಳ ಕೆಳಗಿದೆ.

ಫ್ಲಾಪಿಯನ್ನು ಚೀಟಿ ಅಂಟಿಸಿದ ಬದಿ ಮೇಲೆ ಬರುವಂತೆ ಹಾಕು. ಅದರ ಪಕ್ಕದ ಪುಟ್ಟ ದೀಪ ಆರುವವರೆಗೆ ತೆಗೆಯಬೇಡ. ಮೂರು ಸಲ ತಪ್ಪು ಪದ ಕೊಟ್ಟರೆ ಆಟ ನಿಂತುಹೋಗುತ್ತದೆ. ಮತ್ತೆ ಮೊದಲಿಂದ ಶುರುಮಾಡು. ಕಂಪ್ಯೂಟರ್ ಪೆಟ್ಟಿಗೆಯನ್ನು ಗುದ್ದಬೇಡ, ಆ ಚಾಳಿ ನಿನ್ನಮ್ಮನದು.

ಅವಳು ಕಂಪ್ಯೂಟರ್ ಇರುವ ಆ ಕೋಣೆಯಿಂದ, "ರೀ, ಹದಿನೇಳನೇ ಪುಟ, ಮೂರನೇ ಸಾಲು, ಐದನೇ ಪದ! ಜಪ ಮಾಡ್ತಿದೀರೋ, ತೂಕಡಿಸ್ತಿದೀರೋ?" ಎಂದು ಕೂಗುತ್ತಿದ್ದಳು. ನಾನು ಇಲ್ಲಿ ಜಪಕ್ಕೆ ಕೂತಲ್ಲಿಂದಲೇ ಪುಸ್ತಕ ತೆರೆದು ಓದಿ ಹೇಳುತ್ತಿದ್ದೆ. ಇಪ್ಪತ್ತು ವರ್ಷ ಹೀಗೇ ನಡೆಯಿತು. ಅವಳು ಹೋದ ಮೇಲೆ ಆ ಮಾತನ್ನು ಬೇರೆ ದನಿಯಲ್ಲಿ ಕೇಳಲು ಮನಸ್ಸಾಗಲಿಲ್ಲ. ಸುಳ್ಳು ಹೇಳಿದ್ದು ಅದಕ್ಕೇ.

ಈಗ ನೀನೇ ಪುಟ ತೆಗೆದು ನೋಡಿಕೊಂಡು ಆಡು. ನಾನು ಮನೆಯಲ್ಲಿದ್ದಾಗ ಮಾತ್ರ ಪುಸ್ತಕ ನನಗೆ ಕೊಟ್ಟು, ಅಮ್ಮನ ಹಾಗೆ ಆ ಕೋಣೆಯಿಂದಲೇ ಕೂಗು. ಓದಿ ಹೇಳುತ್ತೇನೆ.

ಅಪ್ಪ