ಕೂಡಿ ನೋಯುವುದು

ಬನಹಟ್ಟಿ, ಗುರುವಾರ, 14 ನವೆಂಬರ್ 2024

ಅತ್ತೆ ಭಾಗವ್ವ ಮಧ್ಯಾಹ್ನವೇ ಮುಧೋಳಕ್ಕೆ ಹೊರಟುಹೋದರು. ನಾನು ಅವರೊಡನೆ ಒಂದು ಮಾತೂ ಆಡಲಿಲ್ಲ.

ಹೆಂಡತಿ ನಂದಾ ತೀರಿಕೊಂಡು ಇಂದಿಗೆ ಇಪ್ಪತ್ತೆರಡು ದಿನ. ಯಾರಾದರೂ ಮಾತಾಡಿಸಲು ಬಂದರೆ ನಾನು ಪವರ್‌ಲೂಮ್ ಚಾಲೂ ಮಾಡುತ್ತೇನೆ. ಆ ಸದ್ದಿನಲ್ಲಿ ಅವರ ಮಾತು ಕೇಳಿಸುವುದಿಲ್ಲ, ನಾನು ಅಳಬೇಕಾಗುವುದಿಲ್ಲ. ಇಂದು ಅವಳ ತಾಯಿಯ ಎದುರಿಗೂ ಹಾಗೆಯೇ ಮಾಡಿದೆ.

ಸಂಜೆ ಸ್ವೀಡನ್ನಿನಿಂದ ಇಂಗ್ರಿಡ್ ಅವರ ಮೆಸೇಜು ಬಂತು. ಹೋದ ವರ್ಷ ನೇಯ್ಗೆ ನೋಡಲು ಬಂದು, ನಂದಾಳ ಪಕ್ಕ ಕುಳಿತು ಕಂಡಿಕೆಗೆ ನೂಲು ಸುತ್ತಲು ಕಲಿತವರು. ನೂಲು ಹರಿದಾಗಲೆಲ್ಲ ಇಬ್ಬರೂ ನಗುತ್ತಿದ್ದರು. ಮೆಸೇಜಿನಲ್ಲಿ ಸಂತಾಪ ಹೇಳುವುದಕ್ಕೆ ಅವರ ಭಾಷೆಯ ಒಂದು ಪದವಿತ್ತು, ಕೊಂಡೊಲೇರಾ. ಮಗಳು ಪೂನಮ್ ಫೋನಿನಲ್ಲಿ ಹುಡುಕಿದಳು.

“ಅಪ್ಪಾ, ಇದರ ಬೇರು ಲ್ಯಾಟಿನ್‌ದಾಗ ಐತಿ. ಫ್ರೆಂಚ್‌ನ್ಯಾಗೂ ಇಂಥಾದ್ದ ಒಂದ ಪದ ಐತಂತ. ಕೊನ್ ಅಂದ್ರ ಕೂಡಿ, ಡೊಲೇರೆ ಅಂದ್ರ ನೋಯೂದು.”

ಸಮಾಧಾನ ಹೇಳುವುದಲ್ಲ, ಕೂಡಿ ನೋಯುವುದು. ಮಗಳನ್ನು ಕಳೆದುಕೊಂಡ ಮುದುಕಿ ಕಾಲೆಳೆಯುತ್ತ ಬಂದಿದ್ದು ಅದಕ್ಕೇ.

“ನಿಮ್ಮ ಆಯಿ ಏನಂದ್ಳು?” ಎಂದು ಅವಳ ಅಜ್ಜಿಯ ಬಗ್ಗೆ ಕೇಳಿದೆ.

“ಉಂಡೀರೇನ್ರಿ ಅಂತ ಎರಡ ಸಲ ಕೇಳಿದ್ಳು. ನೀ ತಲಿನ ಎತ್ತಲಿಲ್ಲ. ಮಗ್ಗಕ್ಕರ ಎಣ್ಣಿ ಬಿಡತಾರ, ಇವರಿಗೆ ಉಣ್ಣಾಕ ಯಾರ ನೀಡತಾರವಾ ಅಂತ ಅತ್ಲು.”

ನಾಳೆ ಮೊದಲ ಬಸ್ಸಿಗೆ ಮುಧೋಳಕ್ಕೆ ಹೋಗುತ್ತೇನೆ. ಏನು ಹೇಳಬೇಕೋ ತಿಳಿಯದು. ಅವರ ಅಡುಗೆಮನೆಯಲ್ಲಿ ಕುಳಿತು, ಅವರು ನೀಡಿದ್ದನ್ನು ಉಣ್ಣುತ್ತೇನೆ. ಆಗ ಅಳು ಬಂದರೆ ಬರಲಿ, ಇಬ್ಬರಿಗೂ.